ಹುಲಿಗೆಮ್ಮನಿಗೊಂದು ವ್ಯಾಕರಣ ಹುಡುಕಿದ್ದು

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕು ಅನ್ನುವುದೇ ನನ್ನ ಮೊದಲ ತೊಂದರೆ. ಬರೆದು ಹೊಡೆದುಹಾಕಿದ ಮೊದಲ ವಾಕ್ಯ ಹೀಗಿತ್ತು: "ಕೊಟ್ಟೂರಿನ ಮೇಲೆ ಸೂರ್ಯ ಜೋಳದ ರೊಟ್ಟಿಯ ಹಾಗೆ ಉಬ್ಬಿಕೊಂಡು ಎದ್ದ." ಓದಿದಾಗ ನನಗೇ ಹಸಿವಾಯಿತೇ ಹೊರತು ಕಥೆ ಮುಂದೆ ಹೋಗಲಿಲ್ಲ. ಎರಡನೆಯದು ಇನ್ನೂ ಗಂಭೀರ: "ಭಾಷೆ ಎಂಬುದು ಮನುಷ್ಯನ..." ಅಷ್ಟು ಬರೆಯುವಷ್ಟರಲ್ಲಿ ಕಥಾನಾಯಕಿ ಅರ್ಚನಾ ಅಡುಗೆಮನೆಯಿಂದಲೇ ಕೂಗಿದಳು.

"ಏನ್ರೀ, ಭಾಷಣ ಮಾಡಾಕ ಬಂದೀರೋ, ಕತಿ ಹೇಳಾಕ ಬಂದೀರೋ?"

"ಕಥೆ ಹೇಳೋಕೆ."

"ಹಂಗಾರ ನನ್ನ ಮಗಳಿಂದ ಶುರು ಮಾಡ್ರಿ. ಅಕಿ ಮಾತು ಬಿಟ್ಟಿದ್ಲು. ಮೊದಲು ಅದನ್ನ ಹೇಳ್ರಿ. ರೊಟ್ಟಿ ಆಮೇಲೆ ನೋಡೋಣಂತ."

(ಪಾತ್ರಗಳಿಗೆ ಇಷ್ಟು ಸಲಿಗೆ ಕೊಡಬಾರದಿತ್ತು. ಈಗ ಏನೂ ಮಾಡುವ ಹಾಗಿಲ್ಲ.)

೨

ಮಗಳ ಹೆಸರು ಹುಲಿಗೆಮ್ಮ. ಎಂಟು ವರ್ಷ. ಮನೆಯಲ್ಲಿ ಎಲ್ಲರಿಗೂ ಹುಲಿಗಿ. ಅಪ್ಪ ಬಸವೇಶ್ ಕೊಟ್ಟೂರಿನಲ್ಲಿ ಪಂಪ್‌ಸೆಟ್ ಮೋಟಾರು ರಿಪೇರಿ ಮಾಡುವ ಅಂಗಡಿ ಇಟ್ಟಿದ್ದಾನೆ. ಅಮ್ಮ ಅರ್ಚನಾ ಹರಪನಹಳ್ಳಿಯ ಕಾಲೇಜಿನಲ್ಲಿ ಬಿ.ಎಸ್ಸಿ. ಮಾಡಿದವಳು, ಗಣಿತ ಅಂದರೆ ಕಣ್ಣುಗಳು ಮಿಂಚುತ್ತವೆ. ಹಿತ್ತಲಲ್ಲಿ ಒಂದು ಎಮ್ಮೆ.

ಹುಲಿಗಿ ಊರಿನ ಒಂದು ಇಂಗ್ಲಿಷ್ ಮೀಡಿಯಂ ಶಾಲೆಗೆ ಹೋಗುತ್ತಿದ್ದಳು. (ಶಾಲೆಯ ಹೆಸರು ಹೇಳುವುದಿಲ್ಲ. ನಾನು ಆ ರಸ್ತೆಯಲ್ಲೇ ಓಡಾಡಬೇಕು.) ಒಂದು ದಿನ ಕನ್ನಡ ಪಿರಿಯಡ್ಡಿನಲ್ಲಿ ಮಿಸ್ಸು, "ನಿಮ್ಮ ಮನೆಯ ಹೊಸ ಸುದ್ದಿ ಹೇಳಿ" ಅಂದರು. ಹುಲಿಗಿ ಬೆಂಚಿನಿಂದ ಪುಟಿದು ಎದ್ದಳು.

"ಮಿಸ್, ನಮ್ಮನ್ಯಾಗ ಎಮ್ಮಿ ಕರ ಹಾಕೈತಿ!"

ಮಿಸ್ಸು ಕೆಟ್ಟವರಲ್ಲ, ಬೈಯಲಿಲ್ಲ, ಹೊಡೆಯಲಿಲ್ಲ. ನಕ್ಕು, "ಹಾಕೈತಿ ಅಲ್ಲಮ್ಮಾ, ಹಾಕಿದೆ. ಎಲ್ಲರೂ ಹೇಳಿ ನೋಡೋಣ" ಅಂದರು. ಇಡೀ ತರಗತಿ ಎದ್ದು ನಿಂತು ಒಕ್ಕೊರಲಿನಿಂದ "ನಮ್ಮ ಮನೆಯಲ್ಲಿ ಎಮ್ಮೆ ಕರು ಹಾಕಿದೆ" ಅಂತ ಹೇಳಿತು. ಯಾರ ಮನೆಯ ಎಮ್ಮೆಯೂ ಹಾಕಿರಲಿಲ್ಲ, ಹುಲಿಗಿಯದನ್ನು ಬಿಟ್ಟರೆ. ಕರು ಗಂಡೋ ಹೆಣ್ಣೋ ಅಂತ ಒಬ್ಬರೂ ಕೇಳಲಿಲ್ಲ.

ಅವತ್ತಿನಿಂದ ತರಗತಿಯಲ್ಲಿ ಅವಳ ಹೆಸರು "ಐತಿ" ಆಯಿತು. "ಏ ಐತಿ, ರಬ್ಬರ್ ಕೊಡು." "ಐತಿ ಬಂದ್ಲು ನೋಡ್ರಲೇ." ಹುಲಿಗಿ ಮೊದಲು ಶಾಲೆಯಲ್ಲಿ ಮಾತು ನಿಲ್ಲಿಸಿದಳು. ಆಮೇಲೆ ಮನೆಯಲ್ಲೂ ನಿಲ್ಲಿಸಿದಳು. ನೀರು ಬೇಕಾದರೆ ಕೊಡದ ಕಡೆ ಬೆರಳು ತೋರಿಸುವಳು. ಹೊಟ್ಟೆ ನೋವಾದರೆ ಹೊಟ್ಟೆ ಹಿಡಿದುಕೊಂಡು ಅಮ್ಮನ ಮುಂದೆ ಬಂದು ನಿಲ್ಲುವಳು. ಡಾಕ್ಟರು ಗಂಟಲಿಗೆ ಟಾರ್ಚು ಬಿಟ್ಟು ನೋಡಿ, ಗಂಟಲು ಚೆನ್ನಾಗಿದೆ ಅಂದರು.

ಗಂಟಲು ಚೆನ್ನಾಗಿದೆ ಅಂದ ದಿನವೇ ಅರ್ಚನಾ ಮಗಳನ್ನು ಶಾಲೆ ಬಿಡಿಸಿದಳು.

ಮನೆಯಲ್ಲಿ ಉಳಿದ ಹುಲಿಗಿ ಮೊದಲು ಮಾತಾಡಿದ್ದು ಕರುವಿನ ಜೊತೆ. ಅರ್ಚನಾ ಹಿತ್ತಲ ಬಾಗಿಲ ಮರೆಯಲ್ಲಿ ನಿಂತು, ಸೆರಗನ್ನು ಬಾಯಿಗೆ ಒತ್ತಿಕೊಂಡು ಕೇಳಿಸಿಕೊಂಡಳು. "ನಿನಗ ಹಸಿವಾಗೈತೇನ? ನಿಮ್ಮವ್ವ ಇಲ್ಲೇ ಅದಾಳ, ಅಳಬ್ಯಾಡ." ಆಮೇಲೆ ಕೋಳಿ, ಆಮೇಲೆ ಬಸವೇಶನ ಅಂಗಡಿಯ ಸುಟ್ಟ ಮೋಟಾರುಗಳು, ಕೊನೆಗೆ ಮನುಷ್ಯರು. ಯುಗಾದಿಯ ಹೊತ್ತಿಗೆ ಅವಳ ಬಾಯಿ ಮುಚ್ಚಿಸುವುದೇ ಕಷ್ಟವಾಗಿತ್ತು.

೩

ಈಗ ಬಸವೇಶ್ ಬರಬೇಕು. ಬಂದವನೇ ನನಗೆ ಹೇಳಿದ: "ನೋಡ್ರಿ, ನನಗ ಕೆಟ್ಟ ಗಂಡನ ಪಾರ್ಟು ಕೊಡಬ್ಯಾಡ್ರಿ. ನಾ ಒಪ್ಪೀನಿ ಸಾಲಿ ಬಿಡಿಸಾಕ."

ನಿಜ, ಒಪ್ಪಿದ್ದ. ಆದರೆ ಅವನದೊಂದು ಷರತ್ತು ಇತ್ತು.

"ಲೆಕ್ಕ ನೀ ಕಲಸ್ತಿ. ಸೈನ್ಸು ಎಮ್ಮಿ ಕಲಸ್ತೈತಿ. ಗ್ರಾಮರ್ ಯಾರು ಕಲಸ್ತಾರ? ಜೂನ್‌ನಾಗ ಮತ್ತ ಯಾವುದಾರ ಸಾಲಿಗೆ ಸೇರಸಬೇಕಂದ್ರ ಪರೀಕ್ಷಾ ಇಡ್ತಾರ. ಏನರ ಒಂದು ಕೋರ್ಸು ನೋಡು."

ಅರ್ಚನಾಗೆ ಸಮೀಕರಣ ಕೊಟ್ಟರೆ ಬಿಡಿಸುತ್ತಿದ್ದಳು. ಇದು ಬಿಡಿಸುವಂಥದ್ದಲ್ಲ. ವ್ಯಾಕರಣ ಅಂದರೆ ತಪ್ಪು ಹಿಡಿಯುವುದು. ತಪ್ಪು ಹಿಡಿದರೆ ಈ ಹುಡುಗಿಯ ಬಾಯಿ ಮುಚ್ಚುತ್ತದೆ. ಬಾಯಿ ಮುಚ್ಚಿಸದ ವ್ಯಾಕರಣ ಯಾವ ಅಂಗಡಿಯಲ್ಲಿ ಸಿಗುತ್ತದೆ?

(ಓದುಗರೇ, ಇಷ್ಟೇ ಕಥೆಯ ತಿರುಳು. ಅವಸರವಿದ್ದವರು ಇಲ್ಲಿಗೇ ಎದ್ದು ಹೋಗಬಹುದು. ಮುಂದೆ ಎಮ್ಮೆ ನಾಮಪದ ತಿನ್ನುವ ಪ್ರಸಂಗವಿದೆ. ಅದು ತಪ್ಪಿಹೋಗುತ್ತದೆ, ಅಷ್ಟೆ.)

೪

ಹಗರಿಬೊಮ್ಮನಹಳ್ಳಿಯಲ್ಲಿ ಸುಮಲತಾ ಅಂತ ಒಬ್ಬಳು ಮಗನಿಗೆ ಮನೆಯಲ್ಲೇ ಪಾಠ ಹೇಳುತ್ತಿದ್ದಳು. ಅರ್ಚನಾ ಮತ್ತು ಅವಳು ಸೇರಿ ಒಂದು ವಾಟ್ಸಾಪ್ ಗುಂಪು ಮಾಡಿಕೊಂಡಿದ್ದರು: "ಮನೆಯೇ ಶಾಲೆ, ಐದು ತಾಲ್ಲೂಕು". ಸದಸ್ಯರು ಮೂವರು. ಮೂರನೆಯವನು ಗ್ಯಾಸ್ ಸಿಲಿಂಡರ್ ತರುವ ಅಂಜಿನೇಯಲು. ಸುಮಲತಾ ಕೈತಪ್ಪಿ ಸೇರಿಸಿದ್ದಳು, ತೆಗೆದರೆ ಬೇಜಾರಾದಾನು ಅಂತ ಬಿಟ್ಟಿದ್ದಳು. ಅವನು ದಿನಾ ಬೆಳಿಗ್ಗೆ ಒಂದು ಗುಲಾಬಿ ಹೂ ಕಳಿಸುತ್ತಿದ್ದ.

ಸುಮಲತಾ ಹೇಳಿದಳು: "ಪುಸ್ತಕ ಬ್ಯಾಡ ಅರ್ಚನಾ. ಚೀಟಿ ಮಾಡು. ಹೆಸರಿಗೆಲ್ಲ ಕೆಂಪು, ಕೆಲಸಕ್ಕೆಲ್ಲ ಹಸಿರು. ಮನಿ ತುಂಬ ಅಂಟಿಸು. ಮಕ್ಕಳು ತಾವಾಗೇ ಕಲೀತಾರ."

ಗುರುಶಾಂತನ ಜೆರಾಕ್ಸ್ ಅಂಗಡಿಯಲ್ಲಿ ಕೆಂಪು, ಹಸಿರು ಚೀಟಿಗಳು ಅಚ್ಚಾದವು. ಹುಲಿಗಿ ಬಹಳ ಉತ್ಸಾಹದಿಂದ ಕೊಡಕ್ಕೆ, ಕಂಬಕ್ಕೆ, ಬೀಸುಕಲ್ಲಿಗೆ ನಾಮಪದ ಅಂಟಿಸಿದಳು. ಎಮ್ಮೆಯ ಕೊಂಬಿಗೆ ಕಟ್ಟಿದ್ದನ್ನು ಕರು ನೆಕ್ಕಿ ಕೆಡವಿತು, ಎಮ್ಮೆ ತಿಂದಿತು. ಕ್ರಿಯಾಪದಗಳದ್ದು ಬೇರೆಯೇ ಸಮಸ್ಯೆ. ಓಡುವುದಕ್ಕೆ ಎಲ್ಲಿ ಅಂಟಿಸುವುದು? ಹುಲಿಗಿ ಯೋಚಿಸಿ, ಅಂಗಡಿಗೆ ಹೊರಟಿದ್ದ ಅಪ್ಪನ ಬೆನ್ನಿಗೆ ಅಂಟಿಸಿದಳು. ಬಸವೇಶ್ ಮಧ್ಯಾಹ್ನದವರೆಗೆ ಬೆನ್ನ ಮೇಲೆ "ಕ್ರಿಯಾಪದ" ಹೊತ್ತುಕೊಂಡು ರೈತರಿಗೆ ಮೋಟಾರು ಕೊಟ್ಟ. ಗಿರಾಕಿಗಳು ಅವನು ಹೊಸ ಪಾರ್ಟಿ ಸೇರಿದ್ದಾನೆ ಅಂದುಕೊಂಡರು.

"ಕ್ರಿಯಾಪದ ಅಂದ್ರ ಕೆಲಸ ಮಾಡೋದು ಹೌದಲ್ಲೋ?" ಅಂತ ಊಟಕ್ಕೆ ಬಂದವನು ಎದೆಯುಬ್ಬಿಸಿ ಕೇಳಿದ.

"ಹೌದು. ತಪ್ಪು ಅಂಟಿಸ್ಯಾಳ" ಅಂದಳು ಅರ್ಚನಾ.

ಚೀಟಿಗಳ ನಂತರ ಆ್ಯಪು ಬಂತು. ಅದರಲ್ಲಿ ಒಂದು ಗಿಳಿ. ಸರಿ ಉತ್ತರಕ್ಕೆ "ಸೂಪರ್!" ಅನ್ನುತ್ತದೆ, ತಪ್ಪಿಗೆ ರೆಕ್ಕೆ ಇಳಿಬಿಟ್ಟು "ಟುಸ್" ಅನ್ನುತ್ತದೆ. ಮೊದಲ ದಿನ ಹುಲಿಗಿ ಗಿಳಿಯ ಜೊತೆ ಜಗಳವಾಡಿದಳು. "ಮರದ ಮ್ಯಾಲ ಹಕ್ಕಿ ಐತಿ." ಟುಸ್. "ಐತಲೇ, ಅಲ್ಲೇ ಐತಿ ನೋಡು, ನಿನ್ನ ಫೋಟೋದಾಗ!" ಟುಸ್. ಅರ್ಚನಾ ನಕ್ಕಳು. ಆದರೆ ಅದೇ ವಾರ ಒಂದು ಮಧ್ಯಾಹ್ನ, ಅಕ್ಕಿ ಆರಿಸುತ್ತ ಕೂತವಳಿಗೆ ಜಗಳದ ಸದ್ದು ನಿಂತದ್ದು ತಿಳಿಯಿತು. ತಿರುಗಿ ನೋಡಿದರೆ ಹುಲಿಗಿ ಪರದೆಯ ಮೇಲೆ ಸುಮ್ಮನೆ ಬೆರಳು ಒತ್ತುತ್ತಿದ್ದಳು. ಸೂಪರ್, ಸೂಪರ್, ಸೂಪರ್. ಎಲ್ಲ ಸರಿಯುತ್ತರ. ತುಟಿ ಮಾತ್ರ ಗಟ್ಟಿಯಾಗಿ ಮುಚ್ಚಿತ್ತು.

ಅರ್ಚನಾ ಅಕ್ಕಿಯ ಮೊರವನ್ನು ಅಲ್ಲೇ ಬಿಟ್ಟು ಎದ್ದು, ಫೋನು ಕಸಿದು ಗಿಳಿಯನ್ನು ಅಳಿಸಿಹಾಕಿದಳು. ಇದನ್ನು ತಮಾಷೆಯಾಗಿ ಬರೆಯುವುದು ಹೇಗೆ ಅಂತ ನನಗೆ ಹೊಳೆಯಲಿಲ್ಲ. ಆದ್ದರಿಂದ ಹಾಗೆಯೇ ಬರೆದಿದ್ದೇನೆ.

೫

[ಇಲ್ಲಿ ಒಬ್ಬ ಕುರಿ ಕಾಯುವ ಮುದುಕ ಬಂದು, ಕೋಲೂರಿ ನಿಂತು, ಭಾಷೆಯ ಪರಮಸತ್ಯವನ್ನು ಎರಡೇ ಮಾತಿನಲ್ಲಿ ಹೇಳಿ ಹೋಗುತ್ತಾನೆ ಅಂತ ನೀವು ಕಾಯುತ್ತಿರಬಹುದು. ನಾನೂ ಕಾದೆ. ಬರಲಿಲ್ಲ. ಬಂದವರು ಅರ್ಚನಾಳ ಅಪ್ಪ ಶಿವಯೋಗಪ್ಪ.]

ಶಿವಯೋಗಪ್ಪ ಹಡಗಲಿಯಲ್ಲಿ ಕನ್ನಡ ಮೇಷ್ಟ್ರಾಗಿದ್ದು ನಿವೃತ್ತರಾಗಿ, ಈಗ ಹೆಂಡತಿ ನಾಗಲಿಂಗಮ್ಮನ ಜೊತೆ ಕೋಗಳಿಯಲ್ಲಿ ಆರಾಮಾಗಿದ್ದವರು. ಮೊಮ್ಮಗಳಿಗೆ ವ್ಯಾಕರಣ ಬೇಕಂತೆ ಅನ್ನುವುದು ಕಿವಿಗೆ ಬಿದ್ದದ್ದೇ ತಡ, ಎರಡು ಜೊತೆ ಪಂಚೆ ಚೀಲಕ್ಕೆ ಹಾಕಿಕೊಂಡು ಕೊಟ್ಟೂರಿಗೆ ಬಂದಿಳಿದರು.

ಬಂದವರು ಮೊದಲು ನನ್ನನ್ನೇ ಹಿಡಿದರು. "ಈ ಕಥೆಯ ಕರ್ತೃ ಯಾರು?"

"ನಾನು ಸಾರ್."

"ಕರ್ತೃ ಅಂದರೆ ಕೆಲಸ ಮಾಡುವವನು. ಇಲ್ಲಿ ಎಲ್ಲ ಕೆಲಸ ನನ್ನ ಮಗಳೇ ಮಾಡುತ್ತಿದ್ದಾಳೆ. ನೀವು ಕರ್ತೃ ಹೇಗಾಗುತ್ತೀರಿ?"

(ಉತ್ತರ ಇನ್ನೂ ಯೋಚಿಸುತ್ತಿದ್ದೇನೆ.)

ಪಾಠ ಪಡಸಾಲೆಯಲ್ಲಿ ಶುರುವಾಯಿತು. "ನಾನು, ನಾವು ಅನ್ನುವುದು ಉತ್ತಮ ಪುರುಷ. ನೀನು, ನೀವು ಮಧ್ಯಮ ಪುರುಷ. ಅವನು, ಅವಳು, ಅದು ಪ್ರಥಮ ಪುರುಷ."

"ಅಜ್ಜಾ, ನಾ ಹುಡುಗಿ."

"ಇರಬಹುದು. ವ್ಯಾಕರಣದಲ್ಲಿ ನೀನು ಉತ್ತಮ ಪುರುಷ."

"ಅಪ್ಪ?"

"ಅವನು ನಿನ್ನ ಎದುರಿಗಿದ್ದರೆ ಮಧ್ಯಮ ಪುರುಷ."

ಹುಲಿಗಿ ಓಡಿಹೋಗಿ ಬಸವೇಶನಿಗೆ, "ಅಪ್ಪಾ, ನೀ ಬರೀ ಮಧ್ಯಮ. ನಾ ಉತ್ತಮ!" ಅಂದಳು. ಬಸವೇಶನಿಗೆ ಮಾವನ ಮೇಲೆ ಮೊದಲೇ ಇದ್ದ ಅನುಮಾನ ಗಟ್ಟಿಯಾಯಿತು.

ವಿಭಕ್ತಿಗಳನ್ನೂ ಹುಲಿಗಿ ಹಾಡಿನ ಹಾಗೆ ಹೇಳಿದಳು. ಮರವು, ಮರವನ್ನು, ಮರದಿಂದ, ಮರಕ್ಕೆ. ಪಂಚಮಿಯ "ಮರದ ದೆಸೆಯಿಂದ" ಅಂತೂ ಅವಳಿಗೆ ಬಹಳ ಹಿಡಿಸಿತು. ಹಾಲು ಉಕ್ಕಿದ್ದು ಅಮ್ಮನ ದೆಸೆಯಿಂದ, ಚಪ್ಪಲಿ ಕಳೆದದ್ದು ನಾಯಿಯ ದೆಸೆಯಿಂದ. ಅರ್ಚನಾಗೆ ಎದೆಯ ಭಾರ ಸ್ವಲ್ಪ ಇಳಿಯಿತು. ಅಪ್ಪನೇ ಸಾಕು, ಬೇರೆ ಕೋರ್ಸು ಬೇಡ ಅಂದುಕೊಂಡಳು.

ಅಲ್ಲಿಯೇ ಎಡವಟ್ಟಾಯಿತು. "ಒಂದು ವಾಕ್ಯ ಹೇಳು" ಅಂದರು ಶಿವಯೋಗಪ್ಪ.

"ಕರ ನನ್ನ ಲಂಗ ತಿಂದೈತಿ."

"ತಿಂದಿದೆ."

"ಅದೇ ಅಜ್ಜಾ, ತಿಂದೈತಿ."

"ತಿಂದೈತಿ ಅಶುದ್ಧ. ತಿಂದಿದೆ. ಇನ್ನೊಮ್ಮೆ ಹೇಳು."

ಹುಲಿಗಿ ಅಜ್ಜನ ಮುಖ ನೋಡಿದಳು. ಸ್ಲೇಟು ಗೋಡೆಗೆ ಆನಿಸಿಟ್ಟು ಎದ್ದು ಹಿತ್ತಲಿಗೆ ಹೋದಳು. ಆಮೇಲೆ ಊಟಕ್ಕೆ ಕರೆದರೆ ಬಂದು ಕೂತಳು. ಅನ್ನ ಬೇಕಾ ಅಂದರೆ ತಲೆಯಾಡಿಸಿದಳು. ಸಾರು ಬೇಕಾದಾಗ ಪಾತ್ರೆಯ ಕಡೆ ಬೆರಳು ತೋರಿಸಿದಳು.

ಆ ಬೆರಳು ನೋಡಿ ಅರ್ಚನಾ ಸೌಟು ನೆಲಕ್ಕಿಟ್ಟಳು.

"ಅಪ್ಪಾ, ನೀವು ನಾಳೆ ಊರಿಗೆ ಹೋಗ್ರಿ."

"ನಾನೇನು ಬೈದೆನೇ?"

"ಬೈದಿಲ್ಲ. ಆ ಮಿಸ್ಸೂ ಬೈದಿರಲಿಲ್ಲ. ನಕ್ಕೊಂತನ ತಿದ್ದಿದ್ರು. ಇಕಿ ತಿಂಗಳಾನುಗಟ್ಟಲೆ ಬಾಯಿ ತೆಗೀಲಿಲ್ಲ, ನಿಮಗ ಗೊತ್ತಿಲ್ಲ. ನೀರು ಬೇಕು ಅನ್ನಾಕೂ ಬೆರಳು ತೋರಿಸ್ತಿದ್ಲು. ನಾ ಗೋಡಿ ಕಡಿ ಮುಖ ಮಾಡಿ ಅಳತಿದ್ದೆ."

ಶಿವಯೋಗಪ್ಪ ಕೈಯಲ್ಲಿದ್ದ ತುತ್ತು ತಟ್ಟೆಗೆ ಇಟ್ಟರು. ಅವರಿಗೆ ನಿಜವಾಗಿ ಗೊತ್ತಿರಲಿಲ್ಲ. ಮಗಳು ಹೇಳಿರಲಿಲ್ಲ. ಸಿಟ್ಟು ಬಂತೋ ನೋವಾಯಿತೋ, ಅರ್ಧಕ್ಕೇ ಕೈ ತೊಳೆದು ಎದ್ದರು.

೬

ಮಾರನೆಯ ದಿನ ಅವರು ಹೋಗಲಿಲ್ಲ. ಚೀಲ ತುಂಬಿಟ್ಟುಕೊಂಡು ಕೂತಿದ್ದರು. ಸಂಜೆ ಕಟ್ಟೆಯ ಮೇಲೆ ಕೂತು ನಾಗಲಿಂಗಮ್ಮನಿಗೆ ಫೋನು ಹಚ್ಚಿದರು. ಹುಲಿಗಿ ಕಂಬದ ಹಿಂದೆ ಇದ್ದಳು. ಇಡೀ ದಿನ ಒಂದು ಮಾತೂ ಆಡಿರಲಿಲ್ಲ.

"ಹಾಂ, ಉಂಡ್ಯಾ? ಏನ್ ಮಾಡಾಕತ್ತೀ ಒಬ್ಬಾಕಿ? ಇಲ್ಲೆಲ್ಲ ಆರಾಮ ಐತಿ..."

"ಟುಸ್!"

ಶಿವಯೋಗಪ್ಪ ಬೆಚ್ಚಿ ತಿರುಗಿದರು. ಕಂಬದ ಹಿಂದಿನಿಂದ ಒಂದು ಕಣ್ಣು, ಅರ್ಧ ಮೂಗು.

"ಐತಿ ಅಂದ್ರಿ. ಅಶುದ್ಧ! ಮಾಡಾಕತ್ತಿ, ಅದೂ ಅಶುದ್ಧ! ಟುಸ್, ಟುಸ್!"

ಒಳಗೆ ಹಿಟ್ಟು ನಾದುತ್ತಿದ್ದ ಅರ್ಚನಾಳ ಕೈ ನಿಂತಿತು. ಮಗಳ ದನಿ! ಓಡಿ ಬರಬೇಕೆನಿಸಿದರೂ ಬರಲಿಲ್ಲ. ಬಂದರೆ ದನಿ ಹೋದೀತು ಅಂತ ಹೆದರಿಕೆ. ಹಿಟ್ಟು ಮೆತ್ತಿದ ಕೈಯಲ್ಲೇ ಬಾಗಿಲಿಗೆ ಒರಗಿ ನಿಂತಳು.

ಶಿವಯೋಗಪ್ಪ ಮಾನವಂತರು. ಸಿಕ್ಕಿಬಿದ್ದಿದ್ದರು. ಫೋನಿಗೆ ಕೈ ಅಡ್ಡ ಹಿಡಿದು, "ಸರಿ. ಈಗ ಶುದ್ಧವಾಗಿ ಮಾತಾಡುತ್ತೇನೆ. ನೀನೇ ಪರೀಕ್ಷೆ ಮಾಡು" ಅಂದರು. ಗಂಟಲು ಸರಿಮಾಡಿಕೊಂಡರು.

"ನಾಗಲಿಂಗಮ್ಮನವರೇ, ತಾವು ಭೋಜನವನ್ನು ಮುಗಿಸಿರುವಿರೇನು? ನನಗೆ ಇಲ್ಲಿ ತಮ್ಮ ನೆನಪು ಬಹಳವಾಗಿ ಆಗುತ್ತಿದೆ."

ಆ ಕಡೆಯಿಂದ ಫೋನು ಕಟ್ಟಾಯಿತು. "ನೆಟ್‌ವರ್ಕು" ಅಂದರು ಶಿವಯೋಗಪ್ಪ. "ಸೂಪರ್!" ಅಂದಳು ಹುಲಿಗಿ.

ನೆಟ್‌ವರ್ಕು ಅಲ್ಲ. ಮರುದಿನ ಕೋಗಳಿಯಿಂದ ಹೊರಟ ಮೊದಲ ಬಸ್ಸಿಗೆ ನಾಗಲಿಂಗಮ್ಮ ಬಂದಿಳಿದಳು. ಕೈಯಲ್ಲಿ ವಿಭೂತಿ, ಎಣ್ಣೆ ಬಾಟಲಿ, ಗಂಡನ ಬಿ.ಪಿ. ಗುಳಿಗೆ. ಚಪ್ಪಲಿ ಬಿಡದೆ ಒಳಗೆ ನುಗ್ಗಿದವಳು ನೇರವಾಗಿ ಗಂಡನ ಮುಂದೆ ನಿಂತಳು.

"ಕೈ ಎತ್ರಿ."

"ಯಾಕ?"

"ಎತ್ರಿ ಅಂದ್ನಿ! ಎರಡೂ ಎತ್ರಿ. ನಾಲಿಗಿ ತಗೀರಿ. ನಗ್ರಿ, ಬಾಯಿ ಸೊಟ್ಟ ಆಕ್ಕತೇನು ನೋಡ್ತೀನಿ."

ನಿವೃತ್ತ ಕನ್ನಡ ಮೇಷ್ಟ್ರು ಎರಡೂ ಕೈ ಮೇಲೆತ್ತಿ, ನಾಲಿಗೆ ಹೊರಚಾಚಿ, ನಗುವ ಪ್ರಯತ್ನ ಮಾಡಿದರು. ಅಂಗಡಿಗೆ ಹೊರಟಿದ್ದ ಬಸವೇಶ್ ಮಾವನ ಈ ಸ್ಥಿತಿ ಕಂಡು ಒಳಗೆ ಹೋಗಿ ದಿಂಬಿಗೆ ಮುಖ ಒತ್ತಿಕೊಂಡು ನಕ್ಕ.

"ಲಕ್ವ ಹೊಡದೈತಿ ಅನ್ಕಂಡ್ನೆವ್ವ" ಅಂತ ನಾಗಲಿಂಗಮ್ಮ ಕುಸಿದು ಕೂತು ಮಗಳಿಗೆ ಹೇಳಿದಳು. "ಮದಿವ್ಯಾದಾಗಿಂದ ಈ ಮನಶ್ಯಾ ಒಂದಿನಾನೂ ಹಿಂಗ ಮಾತಾಡಿಲ್ಲ. ಭೋಜನ ಅಂದಾಗ ಮಂದಿ ಮುಂದ ಅದಾರೇನೋ ಅನ್ಕಂಡೆ. ನೆನಪಾಗತೈತಿ ಅಂದ್ರಲ್ಲ, ಅವಾಗ ಖಾತ್ರಿ ಆತು, ತಲಿಗೇ ಏರೈತಿ ಅಂತ."

ಎಲ್ಲರೂ ನಕ್ಕರು. ನಗು ಮುಗಿದ ಮೇಲೆ ನಾಗಲಿಂಗಮ್ಮ ಸೆರಗಿನ ತುದಿ ತಿರುವುತ್ತ, ಗಂಡನ ಕಡೆ ನೋಡದೆ ಕೇಳಿದಳು: "ನೆನಪಾಗಿದ್ದು ಖರೇ ಏನ್ರಿ?"

"ಅದು... ವಾಕ್ಯಕ್ಕೆ ಬೇಕಾಗಿತ್ತು" ಅಂದರು ಶಿವಯೋಗಪ್ಪ.

"ಅಜ್ಜ ಸುಳ್ಳು ಹೇಳಾಕತ್ತಾನ" ಅಂದಳು ಹುಲಿಗಿ.

ಚೀಲದಿಂದ ಪಂಚೆಗಳು ಹೊರಬಂದವು. ಅವತ್ತು ಮಧ್ಯಾಹ್ನ ಶಿವಯೋಗಪ್ಪ ಮೊಮ್ಮಗಳನ್ನು ಕರೆದು ಎದುರಿಗೆ ಕೂರಿಸಿಕೊಂಡರು. ಈ ಸಲ ಹೇಳಲಿಲ್ಲ, ಕೇಳಿದರು.

"ಒಂದು ಎಮ್ಮಿ?"

"ಐತಿ."

"ಎರಡು ಎಮ್ಮಿ?"

"ಅದಾವ."

"ಅಪ್ಪ?"

"ಅಂಗಡ್ಯಾಗ ಅದಾನ."

"ಅಜ್ಜಿ?"

ಹುಲಿಗಿ ಅಜ್ಜಿ ಎಲ್ಲಿದ್ದಾಳೆ ಅಂತ ಹಿಂದೆ ತಿರುಗಿ ನೋಡಿ, ದನಿ ಇಳಿಸಿದಳು. "ಮುಂದ ಕುಂತಿದ್ರ ಅದಾರ. ಇಲ್ದಾಗ ಅದಾಳ."

ಶಿವಯೋಗಪ್ಪ ಕೈಯಲ್ಲಿದ್ದ ಕಡ್ಡಿ ಕೆಳಗಿಟ್ಟರು. "ಇದನ್ನ ನಿನಗ ಯಾರು ಕಲಿಸಿದ್ರು?"

"ಯಾರೂ ಇಲ್ಲ. ಮೊದಲಿಂದ ಬರ್ತೈತಿ. ಹಂಗಾರ 'ಇದೆ' ಅನ್ನೋದು ತಪ್ಪೇನಜ್ಜ?"

"ತಪ್ಪಲ್ಲ. ಅದನ್ನೂ ಕಲಿಯಬೇಕು. ಬರೆಯುವಾಗ ಬೇಕು, ದೂರದವರ ಜೊತೆ ಮಾತಾಡುವಾಗ ಬೇಕು. ಇದು ಇರಲಿ, ಅದೂ ಬರಲಿ."

"ನನಗ ಎರಡೂ ಬರ್ತಾವ" ಅಂದಳು ಹುಲಿಗಿ. "ಮಿಸ್‌ಗೆ ಒಂದಾ ಬರ್ತಿತ್ತು, ಪಾಪ."

ಮುದುಕರು ಪೂರ್ತಿ ಬದಲಾದರು ಅಂತ ತಿಳಿಯಬೇಡಿ. "ಹಾಲು" ಅನ್ನುವಲ್ಲಿ "ಆಲು" ಅಂದರೆ ಈಗಲೂ ಸ್ಲೇಟಿನ ಮೇಲೆ ಕಡ್ಡಿ ಬಡಿಯುತ್ತಾರೆ. ಹುಲಿಗಿಯೂ ಬಿಡುವುದಿಲ್ಲ, ವಾಪಸ್ಸು ಟುಸ್ ಅನ್ನುತ್ತಾಳೆ.

೭

ಮುಕ್ತಾಯ ಬೇಕಲ್ಲ. ಮೂರು ಬರೆದೆ.

ಅ) ಹುಲಿಗಿ ಹಳೆಯ ಶಾಲೆಗೇ ಹೋಗಿ ಎರಡೂ ಕನ್ನಡದಲ್ಲಿ ಭಾಷಣ ಮಾಡುತ್ತಾಳೆ. ಮಿಸ್ಸು ಕಣ್ಣೀರು ಹಾಕಿ ಕ್ಷಮೆ ಕೇಳುತ್ತಾರೆ. ಅರ್ಚನಾಗೆ ತೋರಿಸಿದೆ. "ಆ ಮಿಸ್ಸು ಯಾಕ ಅಳಬೇಕು? ಅವರಿಗೂ ಹಿಂಗ ಯಾರೋ ತಿದ್ದಿರ್ತಾರ. ತಗೀರಿ ಅದನ್ನ."

ಆ) ಅರ್ಚನಾ ಐದು ತಾಲ್ಲೂಕಿನ ಮಕ್ಕಳಿಗೆ ಬೇವಿನ ಮರದ ಕೆಳಗೆ ಶಾಲೆ ತೆರೆಯುತ್ತಾಳೆ. ಸುಮಲತಾ ದೀಪ ಹಚ್ಚುತ್ತಾಳೆ, ಅಂಜಿನೇಯಲು ನಿಜವಾದ ಗುಲಾಬಿ ತರುತ್ತಾನೆ. "ಎಮ್ಮಿ ಹಾಲು ನೀವು ಹಿಂಡ್ತೀರಾ?" ಅಂದಳು ಅರ್ಚನಾ.

ಇ) ಇದು ಬಸವೇಶ್ ಹೇಳಿ ಬರೆಸಿದ್ದು. ಹುಲಿಗಿ ದೊಡ್ಡವಳಾಗಿ ಕೂಡ್ಲಿಗಿಗೆ ತಹಶೀಲ್ದಾರಳಾಗಿ ಬರುತ್ತಾಳೆ. (ಇದನ್ನು ಶಿವಯೋಗಪ್ಪ ಓದಿ, ಕಥೆಗಿಂತ ಕಾಗುಣಿತ ಪರವಾಗಿಲ್ಲ ಅಂದರು.)

೮

ಆದ್ದರಿಂದ ಆಗಿದ್ದನ್ನು ಹೇಳುತ್ತೇನೆ. ಜೂನ್ ಬಂತು. ಹರಪನಹಳ್ಳಿಯಲ್ಲಿ ಒಂದು ಕನ್ನಡ ಶಾಲೆ ಇದೆ, ಹೋಗಿ ನೋಡಿ, ಹುಲಿಗಿಗೆ ಹಿಡಿಸಿದರೆ ಮಾತ್ರ ಸೇರಿಸುವುದು, ಇಲ್ಲದಿದ್ದರೆ ಮನೆಯೇ ಇರಲಿ ಅಂತ ಗಂಡ ಹೆಂಡತಿ ಒಪ್ಪಿಕೊಂಡರು. ಅರ್ಚನಾ, ಹುಲಿಗಿ, ಶಿವಯೋಗಪ್ಪ ಬಸ್ಸು ಹತ್ತಿದರು. ಹಿಂದಿನ ಸೀಟಿನಲ್ಲಿ ನಾನು.

ಕಂಡಕ್ಟರ್ ಬಂದ. "ಎಲ್ಲಿಗ್ರಿ?"

"ಅಜ್ಜಾ! ಎಲ್ಲಿಗೆ ಅಂದ್ರ ಚತುರ್ಥಿ ವಿಭಕ್ತಿ!" ಅಂತ ಹುಲಿಗಿ ಕಿರುಚಿದಳು.

"ಆ ಊರಿಗೆ ಈ ಗಾಡಿ ಹೋಗಲ್ಲವ್ವ" ಅಂದ ಕಂಡಕ್ಟರ್.

ಬಸ್ಸು ತುಂಬ ನಗು. ಹುಲಿಗಿಯ ಮುಖ ಕೆಂಪಾಯಿತು. ಅರ್ಚನಾ ಮಗಳನ್ನೇ ನೋಡುತ್ತಿದ್ದಳು. ಒಂದು ಗಳಿಗೆ, ಇನ್ನೊಂದು ಗಳಿಗೆ. ಹುಲಿಗಿ ಕಂಡಕ್ಟರನ ಮುಖ ನೋಡಿ, "ನೀವು ಮಧ್ಯಮ ಪುರುಷ" ಅಂದಳು.

ಅರ್ಚನಾ ಉಸಿರು ಬಿಟ್ಟಳು. ಟಿಕೆಟು ತೆಗೆದುಕೊಂಡಳು. ಆಮೇಲೆ ಹಿಂದೆ ತಿರುಗಿ ನನ್ನನ್ನು ಕಂಡಳು.

"ನೀವ್ಯಾಕ ಬಂದ್ರಿ?"

"ಅಲ್ಲಿ ಏನಾಗುತ್ತೆ ಅಂತ ಬರೀಬೇಕಲ್ಲ."

"ಅಲ್ಲಿ ಏನಾಕ್ಕತೋ ನನಗ ಗೊತ್ತಿಲ್ಲ. ಅಕಿ ಬಾಯಿ ತೆಗಿತಾಳೋ ಇಲ್ಲೋ, ಗೊತ್ತಿಲ್ಲ. ನೀವು ಕುಂತ್ರ ಅಕಿ ನೀವು ಬರಿಯೋ ಹಂಗ ಮಾತಾಡಬೇಕಾಗತೈತಿ. ಅಕಿಗೆ ಇನ್ನೊಬ್ರು ತಿದ್ದೋರು ಬ್ಯಾಡ. ಇಳೀರಿ."

"ಅರ್ಚನಾ, ನಾನು ಕರ್ತೃ..."

"ಇಳೀರಿ ಅಂದ್ನಲ್ರೀ."

ಕಂಡಕ್ಟರ್ ಶೀಟಿ ಊದಿದ. ಯಾವುದೋ ಕ್ರಾಸಿನಲ್ಲಿ, ಸುತ್ತ ಮೆಕ್ಕೆಜೋಳ ಬಿತ್ತಲು ಹದ ಮಾಡಿದ್ದ ಹೊಲಗಳ ನಡುವೆ, ನನ್ನನ್ನು ಇಳಿಸಿ ಬಸ್ಸು ಹೊರಟಿತು. ಕಿಟಕಿಯಿಂದ ಹುಲಿಗಿ ಕೈ ಬೀಸಿದಳು. ಏನೋ ಹೇಳಿದಳು ಕೂಡ. ಇಂಜಿನ್ ಸದ್ದಿಗೆ ಕೇಳಲಿಲ್ಲ. ಹರಪನಹಳ್ಳಿಯಲ್ಲಿ ಏನಾಯಿತೋ ನಿಮಗೆ ಎಷ್ಟು ಗೊತ್ತೋ ನನಗೂ ಅಷ್ಟೇ ಗೊತ್ತು.

ಕ್ರಾಸಿನಲ್ಲೊಂದು ಚಹದಂಗಡಿ. ಅಂಗಡಿಯವನು ಧೂಳಿನಲ್ಲಿ ಮರೆಯಾಗುತ್ತಿದ್ದ ಬಸ್ಸನ್ನೂ ನನ್ನನ್ನೂ ನೋಡಿ ಕೇಳಿದ.

"ಆ ಬಸ್ಸಿನ್ಯಾಗ ಹೋದೋರು ನಿಮ್ಮೋರೇನ್ರಿ?"

ಅಲ್ಲ ಅಂದೆ. ಸ್ವಲ್ಪ ಹೊತ್ತು ಬಿಟ್ಟು, ಹೌದು ಅಂದೆ. ಅವನು ಎರಡನ್ನೂ ಕೇಳಿಸಿಕೊಂಡು, ಚಹಾಕ್ಕೆ ಇನ್ನೊಂದು ಚಮಚ ಸಕ್ಕರೆ ಹಾಕಿದ.